ಸರ್ವರ್ ಶಿಫ್ಟಿಂಗ್: ಸಾಮಾನು ಸಾಗುವಾಗ ಬೀಗ ಯಾರ ಕೈಯಲ್ಲಿ?

ಪ್ರಿಂಟರ್ ಕೇಬಲ್ ಹುಡುಕುತ್ತಿದ್ದೆ. ಬಾಗಲಕೋಟೆ ಜಿಲ್ಲೆಯ ಒಂದು ಪತ್ತಿನ ಸೌಹಾರ್ದ ಸಹಕಾರಿಯ ಹೆಡ್ ಆಫೀಸು, ಕ್ಯಾಶಿಯರ್ ಹಿಂದಿನ ಕಬ್ಬಿಣದ ಕಪಾಟು. ಕೆಳಗಿನ ಖಾನೆಯಲ್ಲಿ ಹಳೇ ಪಾಸ್‌ಬುಕ್ ಕಟ್ಟುಗಳ ನಡುವೆ ರಬ್ಬರ್ ಬ್ಯಾಂಡ್ ಸುತ್ತಿದ ಪೆನ್‌ಡ್ರೈವ್ ಸಿಕ್ಕಿತು. ಅದರ ಮೇಲಿನ ಬಿಳಿ ಪಟ್ಟಿಯಲ್ಲಿ ನೀಲಿ ಬಾಲ್‌ಪೆನ್ನಿನಿಂದ ಬರೆದಿತ್ತು: ‘ಟೆಸ್ಟಿಂಗ್ – ತಾತ್ಕಾಲಿಕ’. ಮ್ಯಾನೇಜರ್ ಎದುರಿಗೇ ತೆರೆದು ನೋಡಿದೆ. ಎಲ್ಲ ಸದಸ್ಯರ ಹೆಸರು, ವಿಳಾಸ, ಆಧಾರ್ ಸ್ಕ್ಯಾನು, ಸಹಿ ಮಾದರಿ, ನಾಮಿನಿ. ಜೊತೆಗೆ ಬಂಗಾರ ಸಾಲದ ಪೂರ್ತಿ ಪಟ್ಟಿ: ಯಾರ ಮನೆಯ ಎಷ್ಟು ತೊಲಿ ಬಂಗಾರ ಯಾವ ಬ್ರಾಂಚಿನಲ್ಲಿ ಒತ್ತೆ ಇದೆ ಎಂಬುದು ಸಾಲುಸಾಲಾಗಿ ಎಕ್ಸೆಲ್ ಶೀಟಿನಲ್ಲಿ. ಪಾಸ್‌ವರ್ಡ್ ಇಲ್ಲ.

“ಅದ ಸರ, ಎರಡ ವರ್ಷದ ಹಿಂದ ಹಳೇ ಸಾಫ್ಟ್‌ವೇರ್‌ನಿಂದ ಹೊಸದಕ್ಕ ಹೋಗೂ ಮುಂದ ಕಂಪನಿಯವ್ರು ಕೇಳಿದ್ರು. ಟೆಂಪರ್ವರಿ ಅಂತ ಕಾಪಿ ಮಾಡಿ ಕೊಟ್ಟಿದ್ವಿ,” ಅಂದರು ಮ್ಯಾನೇಜರ್ ಸಾಹೇಬರು.

ಹೊಸ ಸಾಫ್ಟ್‌ವೇರ್‌ಗೆ ಓಟಿಪಿ ಇತ್ತು, ಹೊರಗಿನವರನ್ನು ನೆಟ್‌ವರ್ಕಿನ ಬಾಗಿಲಲ್ಲೇ ತಡೆಯುವ ಫೈರ್‌ವಾಲ್ ಇತ್ತು. ಸೆಕ್ಯುರಿಟಿ ಆಡಿಟ್ ಸರ್ಟಿಫಿಕೇಟ್ ಫ್ರೇಮ್ ಹಾಕಿಸಿಕೊಂಡು ಗೋಡೆಯ ಮೇಲಿತ್ತು. ಡೇಟಾ ಮಾತ್ರ ಕಪಾಟಿನ ಕೆಳಗಿನ ಖಾನೆಯಲ್ಲಿತ್ತು.

ಸಂಸ್ಥೆಯೊಂದು ಹಳೇ ಸಾಫ್ಟ್‌ವೇರ್ ಬಿಟ್ಟು ಹೊಸದಕ್ಕೆ ಹೋಗುವುದಕ್ಕೆ ಮೈಗ್ರೇಶನ್ ಎನ್ನುತ್ತಾರೆ. ನಮ್ಮ ಕಡೆ ‘ಡೇಟಾ ಶಿಫ್ಟಿಂಗ್’ ಅಂದರೆ ಬೇಗ ಅರ್ಥವಾಗುತ್ತದೆ. ಸಕ್ಕರೆ ಕಾರ್ಖಾನೆಯ ಕಬ್ಬಿನ ಬಿಲ್ಲಿನ ಲೆಕ್ಕ ಇರಲಿ, ಬೆಳಗಾವಿ ಉದ್ಯಮಬಾಗದ ಫೌಂಡ್ರಿಯ ಸ್ಟಾಕ್ ಇರಲಿ, ಸೊಸೈಟಿಯ ಠೇವಣಿ ಇರಲಿ, ಎಲ್ಲ ಕಡೆ ಇದು ನಡೆಯುತ್ತಿದೆ. ಕೃಷಿ ಪತ್ತಿನ ಸಂಘಗಳದ್ದಂತೂ ದೇಶದ ಮಟ್ಟದ ಶಿಫ್ಟಿಂಗು. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ಸಾಫ್ಟ್‌ವೇರ್‌ಗೆ ತರಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. 1905ರಲ್ಲಿ ಪಕ್ಕದ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘದ ಕಾಲದಲ್ಲಿ ಕಿರ್ದಿ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರೆ ಭದ್ರತೆಯ ಕೆಲಸ ಮುಗಿಯುತ್ತಿತ್ತು. ಈಗ ಆ ಪುಸ್ತಕಕ್ಕೆ ಒಂದೇ ಮಧ್ಯಾಹ್ನದಲ್ಲಿ ಹತ್ತು ನಕಲು ಹುಟ್ಟುತ್ತವೆ.

ಬಾಗಲಕೋಟೆಯವರಿಗೆ ಶಿಫ್ಟಿಂಗ್ ಅಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿ ಹಿನ್ನೀರಿಗೆ ಊರಿನ ಒಂದು ಭಾಗ ಮುಳುಗಿ, ನವನಗರ ಎದ್ದು ನಿಂತದ್ದನ್ನು ಕಂಡವರು ಮನೆಮನೆಯಲ್ಲಿದ್ದಾರೆ. ಅವರನ್ನು ಕೇಳಿ ನೋಡಿ. ಸಾಮಾನು ಕಳೆದದ್ದು ಹಳೇ ಮನೆಯಲ್ಲಿದ್ದಾಗಲೂ ಅಲ್ಲ, ಹೊಸ ಮನೆಗೆ ಬಾಗಿಲು ಕೂಡಿಸಿದ ಮೇಲೂ ಅಲ್ಲ. ಅರ್ಧ ಸಾಮಾನು ಅಲ್ಲಿ, ಅರ್ಧ ಇಲ್ಲಿ, ಟ್ರ್ಯಾಕ್ಟರ್ ದಾರಿಯಲ್ಲಿ ಎಂಬ ಆ ನಡುವಿನ ದಿನಗಳಲ್ಲಿ. ಹಳೇ ಮನೆಯ ಮೇಲೆ ಗಮನ ಹೋಗಿರುತ್ತದೆ, ಹೊಸದಕ್ಕೆ ಚಿಲಕ ಬಂದಿರುವುದಿಲ್ಲ, ಹೊರುವವರು ಯಾರ ಪರಿಚಯದವರೋ ಗೊತ್ತಿರುವುದಿಲ್ಲ.

ಸಾಫ್ಟ್‌ವೇರ್ ಶಿಫ್ಟಿಂಗಿನಲ್ಲೂ ಆಗುವುದು ಇದೇ. ಆದರೆ ನಮ್ಮಲ್ಲಿ ರೂಢಿ ಬೇರೆ. ಮೊದಲು ಹೊಸದು ಓಡಲಿ, ಸೆಕ್ಯುರಿಟಿ ಆಮೇಲೆ ನೋಡಿದರಾಯಿತು. ಕೊನೆಯ ವಾರ ಆಡಿಟರ್ ಬಂದು ಹೊಸ ಮನೆಯ ಬೀಗ ಜಗ್ಗಿ ನೋಡಿ ಸಹಿ ಹಾಕಿ ಹೋಗುತ್ತಾರೆ. ಟ್ರ್ಯಾಕ್ಟರ್‌ನಲ್ಲಿ ಏನಿತ್ತು, ಹೊತ್ತವರು ಯಾರು ಎಂದು ಅವರಿಂದ ಯಾರೂ ಕೇಳಿಸುವುದಿಲ್ಲ. ಅದಕ್ಕೇ ನಾನು ಈಗ ಯಾವ ಶಿಫ್ಟಿಂಗ್ ಕೆಲಸ ಹಿಡಿದರೂ ಮೊದಲ ದಿನವೇ ಒಂದು ನೂರು ಪುಟದ ನೋಟ್‌ಬುಕ್ ತರಿಸುತ್ತೇನೆ. ಹೆಸರು ‘ತಾತ್ಕಾಲಿಕ ವಹಿ’. ಶಿಫ್ಟಿಂಗಿಗೆಂದು ಹುಟ್ಟುವ ಪ್ರತಿ ನಕಲು, ಪ್ರತಿ ಲಾಗಿನ್, ಫೈರ್‌ವಾಲ್‌ನಲ್ಲಿ ತೆರೆದ ಪ್ರತಿ ಕಿಂಡಿ ಅದರಲ್ಲಿ ಒಂದೊಂದು ಸಾಲು. ಏನು, ಯಾಕೆ, ಯಾರ ಕೈಯಲ್ಲಿದೆ, ಹುಟ್ಟಿದ ತಾರೀಖು, ಸಾಯಬೇಕಾದ ತಾರೀಖು, ಸತ್ತದ್ದನ್ನು ಕಣ್ಣಾರೆ ನೋಡಿದವರ ಸಹಿ. ದೊಡ್ಡ ಕಂಪನಿಗಳು ಇದಕ್ಕೆಂದೇ ದುಬಾರಿ ಸಾಫ್ಟ್‌ವೇರ್ ಇಟ್ಟುಕೊಂಡಿವೆ. ಹದಿನಾಲ್ಕು ಬ್ರಾಂಚಿನ ಸೊಸೈಟಿಗೆ ನೋಟ್‌ಬುಕ್ ಸಾಕು.

ಕೆಲಸ ಶುರುವಾಗುವುದು ಎಣಿಕೆಯಿಂದ. ಯಾವ ಯಾವ ಕಂಪ್ಯೂಟರ್ ಯಾವುದರ ಜೊತೆ ಮಾತಾಡುತ್ತದೆ ಎಂಬ ಪಟ್ಟಿ. ಎಲ್ಲ ಕಡೆ ಒಂದು ರೆಡಿ ಪಟ್ಟಿ ಕೊಡುತ್ತಾರೆ, ಎಲ್ಲ ಕಡೆ ಅದು ಅರ್ಧಂಬರ್ಧ ಇರುತ್ತದೆ. ಇನ್ನೊಂದು ಸೊಸೈಟಿಯಲ್ಲಿ ನನಗೆ ಕೊಟ್ಟ ಪಟ್ಟಿಯಲ್ಲಿ ಹನ್ನೊಂದು ಹೆಸರಿದ್ದವು. ಸಂಜೆ ಆರಕ್ಕೆ ಕೌಂಟರ್ ಹತ್ತಿರ ಚಹಾ ಕುಡಿಯುತ್ತ ನಿಂತಿದ್ದೆ. ಪಿಗ್ಮಿ ಏಜೆಂಟರು ಒಬ್ಬೊಬ್ಬರೇ ಬಂದು, ಕೈಯಲ್ಲಿದ್ದ ಪಿಗ್ಮಿ ಮಷಿನ್ನನ್ನು ಕೇಬಲ್‌ಗೆ ಚುಚ್ಚಿ, ಗುಂಡಿ ಒತ್ತಿ ಹೋಗತೊಡಗಿದರು. ದಿನದ ವಸೂಲಿಯೆಲ್ಲ ಒಂದು ಫೈಲಾಗಿ ಕೌಂಟರ್ ಕಂಪ್ಯೂಟರಿನ ಫೋಲ್ಡರಿಗೆ ಬೀಳುತ್ತಿತ್ತು. ರಾತ್ರಿ ಹಳೇ ಸರ್ವರ್ ಅದನ್ನು ಎತ್ತಿಕೊಂಡು ಖಾತೆಗಳಿಗೆ ಜಮಾ ಮಾಡುತ್ತಿತ್ತು. ಇದು ಪಟ್ಟಿಯಲ್ಲಿ ಇರಲೇ ಇಲ್ಲ. ಹದಿನೈದು ವರ್ಷದಿಂದ ತನ್ನಷ್ಟಕ್ಕೆ ನಡೆದಿದ್ದರಿಂದ ಅದೂ ಒಂದು ಸಾಫ್ಟ್‌ವೇರ್ ಎಂಬುದೇ ಎಲ್ಲರಿಗೂ ಮರೆತಿತ್ತು.

ಆ ಫೋಲ್ಡರ್ ಒಳಗಿನ ಫೈಲು ಸಾದಾ ನೋಟ್‌ಪ್ಯಾಡಿನಲ್ಲಿ ತೆರೆಯುವಂಥದ್ದು: ಖಾತೆ ನಂಬರ್, ಅಲ್ಪವಿರಾಮ, ಮೊತ್ತ. ಆಫೀಸಿನ ನೆಟ್‌ವರ್ಕಿನಲ್ಲಿ ಇದ್ದ ಯಾರು ಬೇಕಾದರೂ ನೂರನ್ನು ಹತ್ತು ಮಾಡಬಹುದಿತ್ತು. ಮಾಡಿರಲಿಲ್ಲ, ಯಾಕೆಂದರೆ ಆ ನೆಟ್‌ವರ್ಕಿನಲ್ಲಿ ಇದ್ದವರು ಆರು ಜನ. ಆರೂ ಜನ ಒಬ್ಬರ ಬೆನ್ನು ಒಬ್ಬರಿಗೆ ಕಾಣುವಂತೆ ಕೂತಿದ್ದರು.

ಹೆಚ್ಚಿನವರು ಎಡವುವುದು ಇಲ್ಲೇ. ಹಳೇ ಸಾಫ್ಟ್‌ವೇರ್‌ನ ಭದ್ರತೆ ಸಾಫ್ಟ್‌ವೇರ್‌ನಲ್ಲಿ ಇರುವುದಿಲ್ಲ. ಅದು ಕೋಣೆಯ ಬಾಗಿಲಲ್ಲಿ ಇರುತ್ತದೆ, ಶಿಪಾಯಿಯ ಕಣ್ಣಲ್ಲಿ ಇರುತ್ತದೆ, ‘ಇಂವ ಯಾರಪಾ ಹೊಸಬ’ ಎಂದು ಕೇಳುವ ಹಿರಿಯ ಗುಮಾಸ್ತರ ಬಾಯಲ್ಲಿ ಇರುತ್ತದೆ. ಎಲ್ಲರೂ ‘ಅಡ್ಮಿನ್’ ಎಂಬ ಒಂದೇ ಹೆಸರಿನಿಂದ ಲಾಗಿನ್ ಆಗುತ್ತಿದ್ದರೂ ಆ ಕುರ್ಚಿಯಲ್ಲಿ ಕೂತವರು ಯಾರೆಂದು ಮ್ಯಾನೇಜರಿಗೆ ಕಾಣುತ್ತಿರುತ್ತದೆ. ಆ ಸಾಫ್ಟ್‌ವೇರನ್ನು ಇದ್ದಕ್ಕಿದ್ದಂತೆ ಎತ್ತಿ ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ ಮೇಲಿನ ಬಾಡಿಗೆ ಸರ್ವರ್‌ಗೆ, ಹಾಕಿದಿರೋ, ಸಾಫ್ಟ್‌ವೇರ್ ಹೋಗುತ್ತದೆ, ಗೋಡೆ ಇಲ್ಲೇ ಉಳಿಯುತ್ತದೆ. ಕ್ಲೌಡ್ ಕಂಪನಿಯವರು ನೋಡಿಕೊಳ್ಳುತ್ತಾರಲ್ಲ ಎಂದು ಕೇಳುತ್ತಾರೆ. ಬ್ಯಾಂಕ್ ಲಾಕರ್ ನೆನಪಿಸಿಕೊಳ್ಳಿ. ಸ್ಟ್ರಾಂಗ್‌ರೂಮಿನ ಕಾವಲು ಬ್ಯಾಂಕಿನದು, ನಿಮ್ಮ ಕೀಲಿ ನಿಮ್ಮದು. ಕಟ್ಟಡ, ಕರೆಂಟು, ಯಂತ್ರಗಳ ಹೊಣೆ ಕ್ಲೌಡ್‌ನವರದು. ಯಾರಿಗೆ ಪ್ರವೇಶ, ಯಾವ ಬಾಗಿಲು ತೆರೆದಿದೆ, ಯಾವ ಫೈಲು ಯಾರಿಗೆ ಕಾಣುತ್ತದೆ ಎಂಬುದೆಲ್ಲ ನಿಮ್ಮ ತಲೆಗೇ ಬರುತ್ತದೆ.

ಪಿಗ್ಮಿ ಫೋಲ್ಡರನ್ನು ಸದ್ಯಕ್ಕೆ ಇಂಟರ್ನೆಟ್‌ಗೆ ತೆರೆದು ಇಡೋಣ, ಆಮೇಲೆ ನೋಡೋಣ ಎಂದು ಸಾಫ್ಟ್‌ವೇರ್ ಕಂಪನಿಯ ಹುಡುಗರು ಹೇಳಿದರು. ಕೊನೆಗೆ ಹಾಗೆ ಮಾಡಲಿಲ್ಲ. ಪ್ರತಿ ಮಷಿನ್ನಿಗೆ ಅದರದೇ ಡಿಜಿಟಲ್ ಕೀಲಿ ಕೊಟ್ಟೆವು. ಫೈಲಿಗೆ ಮಷಿನ್ನೇ ಸಹಿ ಹಾಕಿ ಕಳಿಸುತ್ತದೆ. ದಾರಿಯಲ್ಲಿ ಒಂದು ಅಂಕಿ ಬದಲಾದರೂ ಸಹಿ ಕೂಡುವುದಿಲ್ಲ, ಸರ್ವರ್ ತೆಗೆದುಕೊಳ್ಳುವುದಿಲ್ಲ. ಜಮಾ ಆದ ಕೂಡಲೇ ಸದಸ್ಯರ ಫೋನಿಗೆ ಎಸ್‌ಎಂಎಸ್. ಇದಕ್ಕೆ ಹಿಡಿದದ್ದು ಹನ್ನೆರಡು ದಿನ. ಮೊದಲ ವಾರವೇ ಗೊತ್ತಾಗಿದ್ದಕ್ಕೆ ಹನ್ನೆರಡು ದಿನ ಸಿಕ್ಕವು. ಶಿಫ್ಟಿಂಗಿನ ಹಿಂದಿನ ರಾತ್ರಿ ಗೊತ್ತಾಗಿದ್ದರೆ ಕಿಂಡಿ ತೆರೆದೇ ಇರುತ್ತಿತ್ತು.

ಎಣಿಕೆಯ ಹೊತ್ತಿಗೇ ಕೇಳಬೇಕಾದ ಇನ್ನೊಂದು ಪ್ರಶ್ನೆ: ಹಳೇ ಮನೆಯಲ್ಲಿ ಕಳ್ಳ ಈಗಾಗಲೇ ಕೂತಿದ್ದಾನೆಯೇ? ಮ್ಯಾರಿಯಟ್ ಹೋಟೆಲ್ ಕಂಪನಿ 2016ರಲ್ಲಿ ಸ್ಟಾರ್‌ವುಡ್ ಕಂಪನಿಯನ್ನು ಕೊಂಡಿತು. ಸ್ಟಾರ್‌ವುಡ್‌ನ ಬುಕಿಂಗ್ ಕಂಪ್ಯೂಟರುಗಳಿಗೆ 2014ರಲ್ಲೇ ಹ್ಯಾಕರ್‌ಗಳು ಹೊಕ್ಕಿದ್ದರು. ಗೊತ್ತಾದದ್ದು 2018ರಲ್ಲಿ. ಮನೆ ಕೊಂಡವರಿಗೆ ಅಟ್ಟದ ಮೇಲಿದ್ದವನೂ ಬಂದಿದ್ದ.

ಇನ್ನು ಟೆಸ್ಟಿಂಗ್. ನನ್ನ ಅನುಭವದಲ್ಲಿ ಸೋರಿಕೆಗೆ ಇದಕ್ಕಿಂತ ದೊಡ್ಡ ತೂತು ಬೇರೆ ಇಲ್ಲ. ಹೊಸ ಸಾಫ್ಟ್‌ವೇರ್ ಸರಿ ಲೆಕ್ಕ ಮಾಡುತ್ತದೋ ಇಲ್ಲವೋ ನೋಡಲು ಡೇಟಾ ಬೇಕು. ಡೇಟಾ ಅಂದ ಕೂಡಲೇ ಎಲ್ಲರೂ ಅಸಲನ್ನೇ ನಕಲು ಮಾಡಿ ಕೊಡುತ್ತಾರೆ. ಕಪಾಟಿನ ಪೆನ್‌ಡ್ರೈವ್ ಹುಟ್ಟಿದ್ದು ಹಾಗೆ. ಬದಲಿಗೆ ಅಸಲು ವಿವರ ಬದಲಿಸಿ, ಮುಸುಕು ಹಾಕಿ ಕೊಡಬಹುದು, ಆದರೆ ಕಣ್ಣುಮುಚ್ಚಿ ಅಳಿಸಿದರೆ ಕೆಲಸ ಆಗುವುದಿಲ್ಲ. ಪ್ಯಾನ್ ನಂಬರ್ ತೆಗೆದುಕೊಳ್ಳಿ: ಐದು ಅಕ್ಷರ, ನಾಲ್ಕು ಅಂಕಿ, ಒಂದು ಅಕ್ಷರ. ನಾಲ್ಕನೇ ಅಕ್ಷರ ‘ಪಿ’ ಇದ್ದರೆ ವ್ಯಕ್ತಿ, ‘ಸಿ’ ಇದ್ದರೆ ಕಂಪನಿ. ಆಧಾರ್‌ನ ಹನ್ನೆರಡನೇ ಅಂಕಿ ಉಳಿದ ಹನ್ನೊಂದನ್ನು ತಾಳೆ ನೋಡುವ ಅಂಕಿ. ಮನಸ್ಸಿಗೆ ಬಂದ ಅಂಕಿ ತುಂಬಿದರೆ ಸಾಫ್ಟ್‌ವೇರ್ ಬಾಗಿಲಲ್ಲೇ ತಿರಸ್ಕರಿಸುತ್ತದೆ, ಪ್ರೋಗ್ರಾಮರ್ ಬಂದು ‘ಅಸಲೀನ ಕೊಡ್ರಿ ಸರ’ ಅನ್ನುತ್ತಾನೆ. ಆದ್ದರಿಂದ ಮುಸುಕಿಗೂ ಮುಖದ ಆಕಾರ ಇರಬೇಕು: ಪ್ಯಾನ್ ಪ್ಯಾನ್‌ನಂತೆ ಕಾಣಬೇಕು, ಒಂದೇ ಸದಸ್ಯರ ಹೆಸರು ಠೇವಣಿಯಲ್ಲೂ ಸಾಲದಲ್ಲೂ ಒಂದೇ ಸುಳ್ಳು ಹೆಸರಾಗಿ ಬದಲಾಗಬೇಕು. 587ರಿಂದ ಶುರುವಾಗುವ ಪಿನ್‌ಕೋಡ್ ಹಾಗೇ ಉಳಿಯಬಹುದು, ಮನೆ ನಂಬರ್ ಉಳಿಯಬಾರದು. ಇದನ್ನು ಮಾಡುವ ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಂ) ಸೊಸೈಟಿಯ ಕಟ್ಟಡದ ಒಳಗೇ ಓಡಬೇಕು. ಅಸಲು ಹೊಸ್ತಿಲು ದಾಟುವ ಮೊದಲೇ ಮುಸುಕು ಬಿದ್ದಿರಬೇಕು.

ಕನ್ನಡದ ಡೇಟಾ ಇರುವಲ್ಲಿ ಮಾತ್ರ ಬರುವ ಅಪಾಯ ಒಂದಿದೆ. ಇಂಗ್ಲಿಷ್ ಕೈಪಿಡಿಗಳಲ್ಲಿ ಇದು ನನಗೆ ಎಲ್ಲೂ ಸಿಕ್ಕಿಲ್ಲ. ನಮ್ಮ ಹಳೇ ಸಾಫ್ಟ್‌ವೇರ್‌ಗಳಲ್ಲಿ ಹೆಸರುಗಳು ಹಳೇ ನುಡಿ ಫಾಂಟಿನಲ್ಲಿ ಕೂತಿರುತ್ತವೆ. ಫಾಂಟ್ ತೆಗೆದರೆ ‘ಶಂಕ್ರಪ್ಪ’ ಎಂಬುದು ಇಂಗ್ಲಿಷ್ ಅಕ್ಷರಗಳ, ತಲೆಯ ಮೇಲೆ ಗೆರೆ ಚುಕ್ಕಿ ಹೊತ್ತ ಚಿಹ್ನೆಗಳ ಸಾಲು. ಹೊಸ ಸಾಫ್ಟ್‌ವೇರ್‌ಗೆ ಯೂನಿಕೋಡ್, ಅಂದರೆ ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಉಳಿಯುವ ಅಕ್ಷರ ಸಂಕೇತ, ಬೇಕು. ಆಗ ಏನಾಗುತ್ತದೆ? ಯಾರೋ ಉತ್ಸಾಹಿ ಗುಮಾಸ್ತರು ಗೂಗಲ್‌ನಲ್ಲಿ ಹುಡುಕಿ, ಪುಕ್ಕಟೆ ಕನ್ವರ್ಟರ್ ತೆರೆದು, ಐನೂರು ಸಾಲಿನಂತೆ ಇಡೀ ಸದಸ್ಯರ ಪಟ್ಟಿಯನ್ನು ಅದರಲ್ಲಿ ಅಂಟಿಸುತ್ತಾರೆ. ಆ ವೆಬ್‌ಸೈಟ್ ಯಾರದು, ಅಂಟಿಸಿದ್ದು ಎಲ್ಲಿ ಉಳಿಯುತ್ತದೆ, ದೇವರಿಗೇ ಗೊತ್ತು. ದುರುದ್ದೇಶ ಯಾರದೂ ಇಲ್ಲ, ಪಾಪ. ಬೆಳಗಾವಿಯ ಒಂದು ಸೊಸೈಟಿಯಲ್ಲಿ ಇದನ್ನು ಮಾಡಿದವರು ಮನೆಗೂ ಹೋಗದೆ ರಾತ್ರಿ ಹನ್ನೊಂದರ ತನಕ ಕೂತು ಮಾಡಿದ್ದರು. ಈಗ ನಾನು ಇಂಟರ್ನೆಟ್ ತಂತಿ ಕಿತ್ತ ಒಂದು ಕಂಪ್ಯೂಟರನ್ನು ಇದಕ್ಕೆಂದೇ ಇಡಿಸುತ್ತೇನೆ. ವಹಿಯಲ್ಲಿ ಅದಕ್ಕೂ ಒಂದು ಸಾಲು.

ಭದ್ರತೆ ಅಂದರೆ ಕದಿಯದಂತೆ ನೋಡಿಕೊಳ್ಳುವುದಷ್ಟೇ ಅಲ್ಲ, ಕೆಡದಂತೆ ನೋಡಿಕೊಳ್ಳುವುದೂ ಹೌದು. ಇದನ್ನು ನನ್ನ ತಪ್ಪಿನಿಂದಲೇ ಕಲಿತೆ. ಬಾಗಲಕೋಟೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮೊದಲಿನ ಸದಸ್ಯರ ವಿಳಾಸಗಳಲ್ಲಿ ‘ತಾ. ಬಾದಾಮಿ, ಜಿ. ಬಿಜಾಪುರ’ ಎಂದೇ ಇರುತ್ತದೆ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರ ಆಯಿತು. ವಿಳಾಸ ಸ್ವಚ್ಛ ಮಾಡುವ ಸ್ಕ್ರಿಪ್ಟ್ ಒಂದೇ ಏಟಿಗೆ ಬಿಜಾಪುರವನ್ನೆಲ್ಲ ವಿಜಯಪುರ ಮಾಡಿತು. ಬಾದಾಮಿ, ಹುನಗುಂದದ ಹಿರಿಯ ಸದಸ್ಯರೆಲ್ಲ ರಾತ್ರೋರಾತ್ರಿ ಬೇರೆ ಜಿಲ್ಲೆಯವರಾದರು. ಆ ಸ್ಕ್ರಿಪ್ಟ್ ಬರೆದವನು ನಾನೇ. ಸಾಲದ ನೋಟೀಸೊಂದು ವಾಪಸ್ ಬಂದಾಗ ಗೊತ್ತಾಯಿತು.

ಹಳೇ ಗುಮಾಸ್ತರಿಗೆ ಇದಕ್ಕೆ ಔಷಧ ಗೊತ್ತಿತ್ತು: ತಾಳೆ. ಕಿರ್ದಿ (ದಿನದ ಲೆಕ್ಕ), ಖತಾವಣಿ (ಖಾತೆವಾರು ಲೆಕ್ಕ), ತೇರೀಜು (ಎಲ್ಲ ಖಾತೆಗಳ ಒಟ್ಟು ತಾಳೆಪಟ್ಟಿ) ಕೂಡಬೇಕು. ಡೇಟಾಕ್ಕೂ ಅದೇ. ಹೊರಡುವಾಗ ಎಷ್ಟು ಸಾಲು, ಶಿಲ್ಕು (ಬಾಕಿ ಮೊತ್ತ) ಒಟ್ಟು ಎಷ್ಟು, ಬ್ರಾಂಚುವಾರು ಎಷ್ಟು ಎಂದು ಬರೆದಿಟ್ಟು, ತಲುಪಿದ ಮೇಲೆ ಮತ್ತೆ ಎಣಿಸುವುದು. ಅದರ ಮೇಲೆ ಹ್ಯಾಶ್ ಎಂಬ ಬೆರಳಚ್ಚು: ಇಡೀ ಫೈಲನ್ನು ಗಣಿತಕ್ಕೆ ಹಾಕಿ ತೆಗೆದ ಒಂದು ಸಣ್ಣ ಸಂಖ್ಯೆ, ಫೈಲಿನಲ್ಲಿ ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ಪೂರಾ ಬದಲಾಗುತ್ತದೆ. ಮೊತ್ತ ಸರಿ ಇದ್ದೂ ಯಾರೋ ಎರಡು ಖಾತೆಗಳ ಶಿಲ್ಕು ಅದಲು ಬದಲು ಮಾಡಿದ್ದರೆ ತೇರೀಜು ಹಿಡಿಯುವುದಿಲ್ಲ, ಹ್ಯಾಶ್ ಹಿಡಿಯುತ್ತದೆ. ಸಾಗಿಸುವ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಬೇಕು, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡಬೇಕು ಎಂಬುದು ಎಲ್ಲರಿಗೂ ಗೊತ್ತಿದೆ. ಅದರ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಅದೇ ಬ್ಯಾಗಿನಲ್ಲಿ ಇಟ್ಟು ಕಳಿಸಿದ್ದನ್ನೂ ನೋಡಿದ್ದೇನೆ.

ಪಾಸ್‌ವರ್ಡ್‌ಗಳ ಬಗ್ಗೆ ಚುಟುಕಾಗಿ. ಹಳೇ ಸಾಫ್ಟ್‌ವೇರ್ ಅವನ್ನು 1992ರ ಎಂಡಿ5 ಎಂಬ ಹ್ಯಾಶ್ ಪದ್ಧತಿಯಲ್ಲಿ ಇಟ್ಟಿದ್ದರೆ ಹಾಗೇ ಹೊತ್ತು ತರಬೇಡಿ. ಇವತ್ತಿನ ಕಂಪ್ಯೂಟರಿಗೆ ಸಾಧಾರಣ ಪಾಸ್‌ವರ್ಡ್‌ಗಳನ್ನು ಅದರಿಂದ ಒಡೆದು ತೆಗೆಯುವುದು ಕಡಲೆ ಸುಲಿದಷ್ಟು ಸಲೀಸು. ಸಿಬ್ಬಂದಿ ಅರವತ್ತು ಜನ ಇದ್ದರೆ ಎಲ್ಲರಿಗೂ ಹೊಸದು ಕೊಡುವುದೇ ನೆಟ್ಟಗೆ. ಜೊತೆಗೆ ಅಧಿಕಾರಗಳನ್ನೂ ಜಾಲಾಡಿಸಿ. ಜಮಖಂಡಿಯಿಂದ ಇಳಕಲ್ಲಿಗೆ ವರ್ಗವಾದವರಿಗೆ ಜಮಖಂಡಿಯ ಸಾಲ ಮಂಜೂರಿ ಗುಂಡಿ ಇನ್ನೂ ಕಾಣುತ್ತಿರುತ್ತದೆ. ನಿವೃತ್ತಿಯಾದವರ ಲಾಗಿನ್‌ಗಳಂತೂ ಎಲ್ಲ ಕಡೆ ಜೀವಂತ.

ಶಿಫ್ಟಿಂಗ್ ರಾತ್ರಿ ಸಾಮಾನ್ಯವಾಗಿ ಶನಿವಾರ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕೂ 2018ರ ಏಪ್ರಿಲ್‌ನಲ್ಲಿ ವಾರದ ಕೊನೆಯನ್ನೇ ಆರಿಸಿಕೊಂಡಿತ್ತು. ಐವತ್ತೆರಡು ಲಕ್ಷ ಗ್ರಾಹಕರನ್ನು ಹೆಚ್ಚುಕಡಿಮೆ ಒಂದೇ ಸಲಕ್ಕೆ ಹೊಸ ವ್ಯವಸ್ಥೆಗೆ ಸಾಗಿಸಿದರು. ಖಾತೆಗಳು ತೆರೆಯಲಿಲ್ಲ, ಕೆಲವರಿಗೆ ಬೇರೆಯವರ ಖಾತೆಯೇ ಕಾಣಿಸಿತು. 2022ರ ಡಿಸೆಂಬರ್‌ನಲ್ಲಿ ನಿಯಂತ್ರಕರು ಹಾಕಿದ ದಂಡ 4 ಕೋಟಿ 86 ಲಕ್ಷ ಪೌಂಡ್ ದಾಟಿತ್ತು. ನಮಗೆ ಇದರಲ್ಲಿ ಮುಖ್ಯವಾದ ಪಾಠ ಬೇರೆ ಇದೆ. ಗೊಂದಲದ ಆ ದಿನಗಳಲ್ಲಿ ವಂಚಕರು ಬ್ಯಾಂಕಿನ ಹೆಸರಲ್ಲೇ ಗ್ರಾಹಕರನ್ನು ಸಂಪರ್ಕಿಸಿ ಹಣ ಎಳೆದರು. ಬ್ಯಾಂಕ್ ಕೆಟ್ಟಿದೆ ಎಂದು ಜನರಿಗೆ ಗೊತ್ತಿದ್ದರಿಂದ ಸುಳ್ಳು ಫೋನೂ ನಿಜವೆನಿಸಿತು. ನಮ್ಮಲ್ಲೂ ‘ಸೊಸೈಟಿ ಸಾಫ್ಟ್‌ವೇರ್ ಬದ್ಲಿ ಆಗೇತ್ರಿ, ಓಟಿಪಿ ಹೇಳ್ರಿ’ ಎಂಬ ಕರೆ ಬರಲು ಎಷ್ಟು ಹೊತ್ತು? ಆದ್ದರಿಂದ ಶಿಫ್ಟಿಂಗಿಗೆ ಹದಿನೈದು ದಿನ ಮೊದಲೇ ಪಿಗ್ಮಿ ಏಜೆಂಟರ ಬಾಯಿಂದ ಮನೆಮನೆಗೆ ಹೇಳಿಸಬೇಕು: ನಾವು ಫೋನಿನಲ್ಲಿ ಏನೂ ಕೇಳುವುದಿಲ್ಲ. ಎಸ್‌ಎಂಎಸ್‌ಗಿಂತ ಏಜೆಂಟರ ಮಾತನ್ನು ಜನ ನಂಬುತ್ತಾರೆ.

ಅದೇ ರಾತ್ರಿಗೆ ಎರಡು ವಿಷಯ ಮೊದಲೇ ತೀರ್ಮಾನ ಆಗಿರಬೇಕು. ತಾಳೆ ಕೂಡದಿದ್ದರೆ ‘ನಿಲ್ಲಿಸಿ, ಹಳೆಯದಕ್ಕೆ ವಾಪಸ್’ ಎನ್ನುವ ಅಧಿಕಾರ ಯಾರದು? ಅಧ್ಯಕ್ಷರು ಸೋಮವಾರ ಉದ್ಘಾಟನೆಗೆ ಶಾಸಕರನ್ನು ಕರೆದಿದ್ದರೂ ಆ ಮಾತಿಗೆ ಬೆಲೆ ಇರಬೇಕು. ಎರಡನೆಯದು, ಯಾರು ಯಾವಾಗ ಏನು ಮಾಡಿದರೆಂಬ ಲಾಗ್ ಮೊದಲ ನಿಮಿಷದಿಂದ ಬೀಳುತ್ತಿರಬೇಕು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದಂತೆ ಸೈಬರ್ ಘಟನೆ ಗಮನಕ್ಕೆ ಬಂದ 6 ತಾಸಿನೊಳಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಲಾಗ್ ಇಲ್ಲದಿದ್ದರೆ ಆರು ತಾಸಿನಲ್ಲಿ ತಿಳಿಸುವುದಾದರೂ ಏನನ್ನು?

ಸಾಫ್ಟ್‌ವೇರ್ ಕೊಡುವ ಕಂಪನಿಯನ್ನೂ ನಮ್ಮ ಮನೆಯ ಬಾಗಿಲೆಂದೇ ಲೆಕ್ಕ ಹಿಡಿಯಬೇಕು. 2024ರ ಜುಲೈ ಕೊನೆಗೆ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ, ಡೇಟಾಕ್ಕೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಯಾಯಿತು. ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮ ಆ ಕಂಪನಿಯನ್ನು ತನ್ನ ಜಾಲದಿಂದ ಬೇರ್ಪಡಿಸಿತು. ತಾವೇನೂ ತಪ್ಪು ಮಾಡದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ನಿಂತಿತು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ, ಡೇಟಾಕ್ಕೆ ತಕ್ಕ ಭದ್ರತೆ ಇಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ‘ಕಂಪನಿಯವರು ಮಾಡಿದ್ದು’ ಎಂದು ಹೇಳಿ ಕೈ ತೊಳೆದುಕೊಳ್ಳುವಂತಿಲ್ಲ. ಕರಾರಿನಲ್ಲಿ ದರದ ಬಗ್ಗೆ ನಾಲ್ಕು ಪುಟ ಬರೆಸುವವರು, ಕೆಲಸ ಮುಗಿದ ಮೇಲೆ ನಮ್ಮ ಡೇಟಾವನ್ನು ಯಾವ ತಾರೀಖಿನೊಳಗೆ ಅಳಿಸಿ ಬರವಣಿಗೆಯಲ್ಲಿ ಕೊಡುತ್ತೀರಿ ಎಂಬ ಒಂದು ಸಾಲನ್ನೂ ಬರೆಸಲಿ.

ಹೊಸದು ಓಡತೊಡಗಿದ ಮೇಲೆ ಎಲ್ಲರೂ ಪೇಢೆ ಹಂಚಿ ಮನೆಗೆ ಹೋಗುತ್ತಾರೆ. ನವನಗರ ಬಂದ ಮೇಲೂ ಹಳೇ ಬಾಗಲಕೋಟೆ ಇದ್ದೇ ಇದೆ. ಹಳೇ ಸರ್ವರೂ ಹಾಗೇ ಮೂಲೆಯಲ್ಲಿ ಹಸಿರು ದೀಪ ಮಿನುಗಿಸುತ್ತ ಇರುತ್ತದೆ. ಅಪ್‌ಡೇಟ್ ನಿಂತಿರುತ್ತದೆ, ಪಾಸ್‌ವರ್ಡ್ ಎಲ್ಲರಿಗೂ ಗೊತ್ತಿರುತ್ತದೆ, ಡೇಟಾ ಪೂರ್ತಿ ಇರುತ್ತದೆ. ಅದನ್ನು ಗುಜರಿಗೆ ಹಾಕುವಾಗ ಫಾರ್ಮ್ಯಾಟ್ ಮಾಡಿದರೆ ಸಾಲದು. ಸಾದಾ ಫಾರ್ಮ್ಯಾಟ್ ಪುಸ್ತಕದ ಪರಿವಿಡಿ ಹರಿದ ಹಾಗೆ, ಒಳಗಿನ ಪುಟಗಳು ಹಾಗೇ ಇರುತ್ತವೆ. ಹಾರ್ಡ್‌ಡಿಸ್ಕ್ ಆದರೆ ಪೂರ್ತಿ ಮೇಲೆ ಬರೆದು ಅಳಿಸಬೇಕು, ಇಲ್ಲವೇ ಡ್ರಿಲ್ ಹೊಡೆದು ಒಡೆಯಬೇಕು. ನಮ್ಮ ಹುಡುಗರಿಗೆ ಎರಡನೆಯದೇ ಇಷ್ಟ.

ಪಿಗ್ಮಿ ಮಷಿನ್ನಿನ ಆ ಸೊಸೈಟಿಯ ತಾತ್ಕಾಲಿಕ ವಹಿಯಲ್ಲಿ ಒಟ್ಟು 43 ಸಾಲು ಆದವು. ಹೋದ ತಿಂಗಳು ಹೋಗಿ ನೋಡಿದಾಗ 42ಕ್ಕೆ ಸಹಿ ಬಿದ್ದಿತ್ತು. ಉಳಿದದ್ದು ಹಳೇ ಸರ್ವರ್. ಎರಡು ಸಾಲದ ಕೇಸು ಕೋರ್ಟಿನಲ್ಲಿವೆ, ಅಲ್ಲಿತನಕ ಇರಲಿ ಎಂದು ವಕೀಲರು ಹೇಳಿದ್ದಾರಂತೆ. ನೆಟ್‌ವರ್ಕ್ ತಂತಿ ಕಿತ್ತು, ಸ್ಟ್ರಾಂಗ್‌ರೂಮಿನಲ್ಲಿ ಇಟ್ಟಿದ್ದಾರೆ. ಸಾಯುವ ತಾರೀಖಿನ ಖಾನೆಯಲ್ಲಿ ಅಲ್ಲಿಯ ಮ್ಯಾನೇಜರ್ ಬಾಯಿಯವರು ಪೆನ್ಸಿಲಿನಲ್ಲಿ ಬರೆದಿದ್ದರು. ಪೆನ್ನಿನಿಂದ ಯಾಕೆ ಬರೆದಿಲ್ಲ ಎಂದು ಕೇಳಿದೆ.

“ಕೋರ್ಟಿನ ತಾರೀಖ್ರಿ ಸರ, ಮುಂದ ಹೋಗ್ತಾವಲ್ರಿ,” ಅಂದರು.